ನಾನು ಬೆಸೆದ ನಾಲ್ಕು ಕೇಬಲ್‌ಗಳು

ನಮ್ಮ ಮೋಟಾರ್ ಕಸುಬಿಗೆ ಹೊಸದಾಗಿ ಸೇರಿದವರು ಸಿಕ್ಕಾಗ ಮೊದಲು ಕೇಳುವುದು, ‘ನೀವು ಯಾವ ಪೋಸ್ಟಿನಲ್ಲಿ ರಿಟೈರ್ ಆದಿರಿ?’ ಎಂದು. ಹೇಳುತ್ತೇನೆ, ಅವರು ತಲೆದೂಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕುರ್ಚಿಯ ಮೇಲೆ ಕಳೆದ ಮೂವತ್ತು ಚಿಲ್ಲರೆ ವರ್ಷಗಳ ಬಗ್ಗೆ ನನಗೂ ಹೇಳುವಂಥದ್ದೇನಿಲ್ಲ. ಫೈಲು ಬಂತು, ಫೈಲು ಹೋಯಿತು. ನಾನು ನಿಜವಾಗಿ ಕೆಲಸ ಮಾಡಿದ್ದು ಮೊದಲ ಒಂದೂವರೆ ವರ್ಷ, ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಮೋಟಾರ್ ಸೈಕಲ್ ಏಜೆನ್ಸಿಯ ವರ್ಕ್‌ಶಾಪಿನಲ್ಲಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಅದನ್ನೇ ಬರೆಯುತ್ತೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಪ್ಪ ಕುಂದಾಪುರದ ಹತ್ತಿರ ಹೊಳೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದರು. ನಾನು ಸಣ್ಣವನಿದ್ದಾಗಲೇ ಮುಂಬಯಿಗೆ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದೆ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದೆ, ಬೆಳಗಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್ಸಿ. ಮಾಡಿದೆ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ನನ್ನ ಅಂಗಿಯ ಸಾಂಬಾರಿನ ವಾಸನೆಗೆ ಪಕ್ಕದವರು ಸ್ವಲ್ಪ ದೂರ ಸರಿದು ನಿಲ್ಲುತ್ತಿದ್ದರು. ಪಾಸಾದ ಮೇಲೆ ಅದೇ ಅಂಗಿ ತೊಟ್ಟು ಹೋಗಿ ಸರ್ಟಿಫಿಕೇಟ್ ತಂದೆ. ಯಾರ ಮರುಕಕ್ಕೂ ಇದನ್ನು ಬರೆಯುತ್ತಿಲ್ಲ. ಆ ಡಿಗ್ರಿಯ ಬಗ್ಗೆ ನನಗಿದ್ದ ಜಂಬ ಎಷ್ಟೆಂದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ, ಅದಕ್ಕೆ.

ಏಜೆನ್ಸಿಯಲ್ಲಿ ನಾನು ಸರ್ವಿಸ್ ಅಸಿಸ್ಟೆಂಟ್. ಗಿರಾಕಿಯ ದೂರು ಕೇಳುವುದು, ಇಂಗ್ಲಿಷಿನಲ್ಲಿ ಜಾಬ್ ಕಾರ್ಡ್ ಬರೆಯುವುದು, ಕೆಲಸ ಮುಗಿದ ಮೇಲೆ ಅದರ ಕೆಳಗೆ ಮಾಡಿದವನ ಹೆಸರು ತುಂಬುವುದು, ಇಷ್ಟೇ. ಮ್ಯಾನೇಜರ್ ದಾರಾಶಾ ಸಾಹೇಬರು ಮೊದಲ ದಿನವೇ ಹೇಳಿದ್ದರು: ‘ಕೋಟ್ ಪೆಹನಾ, ತೋ ಪಾನಾ ನಹೀಂ.’ ಕೋಟು ತೊಟ್ಟವನು ಪಾನಾ, ಅಂದರೆ ಸ್ಪ್ಯಾನರ್, ಹಿಡಿಯಕೂಡದು. ಓದಿದವನ ಕೈಗೆ ಗ್ರೀಸ್ ಹತ್ತಿದ್ದು ಕಂಡರೆ ಗಿರಾಕಿಗೆ ಏಜೆನ್ಸಿಯ ಮೇಲಿನ ಗೌರವ ಹೋಗುತ್ತದೆ ಎಂಬುದು ಅವರ ನಂಬಿಕೆ. ನನ್ನದು ಎರಡು ವರ್ಷದ ಪ್ರೊಬೇಷನ್. ಅಷ್ಟರೊಳಗೆ ಅವರು ಬೇಡ ಎಂದರೆ ನಾನು ಮತ್ತೆ ಹೋಟೆಲಿನ ಮೋರಿಯ ಮುಂದೆ ಕೂರಬೇಕು.

ಕೆಲಸಗಾರರಲ್ಲಿ ಹಿರಿಯರು ಫಕ್ಕೀರಪ್ಪ ಮಿಸ್ತ್ರಿ. ಗದಗಿನ ಕಡೆಯವರು, ಐವತ್ತು ದಾಟಿದ್ದರು. ಅಲ್ಲಿ ನನ್ನೊಂದಿಗೆ ಕನ್ನಡ ಆಡುವವರು ಅವರೊಬ್ಬರೇ. ಅವರ ಕನ್ನಡ ನನಗೆ, ನನ್ನದು ಅವರಿಗೆ, ಅರ್ಧ ತಮಾಷೆ. ಸೇರಿದ ಎರಡನೇ ವಾರ, ಮಧ್ಯಾಹ್ನ, ಅವರು ಎಕ್ಸಿಲೇಟರ್ ಕೇಬಲ್ ಮಾಡುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದೆ.

‘ಏನ್ರಿ ಬಿ.ಎಸ್ಸಿ. ಸಾಹೇಬ್ರ, ಅಲ್ಲೇ ನಿಂತೀರಿ? ಸಿನಿಮಾ ನಡದೈತೇನು ಇಲ್ಲಿ?’

‘ಕೇಬಲ್ ಹ್ಯಾಂಗೆ ಮಾಡುದು ಅಂತ ಕಾಣ್ತಾ ಇದ್ದೆ ಮಾರಾಯ್ರೆ.’

‘ಮಾರಾಯ ಅಲ್ಲೋ ನಾ, ಮಿಸ್ತ್ರಿ. ಕಂಡ್ರ ಬರೂದಿಲ್ಲ ಇದು. ಆ ಕೋಟ ಮೊಳಿಗೆ ಹಾಕಿ ಬಾ.’

ಕೋಟನ್ನು ಗೋಡೆಯ ಮೊಳೆಗೆ ಹಾಕಿದೆ. ಆಗಲೇ ನಾನು ‘ಸಾಹೇಬ’ನಿಂದ ‘ಶೀನ್ಯಾ’ ಆದೆ. ದಾರಾಶಾ ಸಾಹೇಬರು ಊಟಕ್ಕೆಂದು ಮನೆಗೆ ಹೋಗುತ್ತಿದ್ದ ಆ ಒಂದೂವರೆ ಗಂಟೆ ದಿನವೂ ನನ್ನ ಪಾಠದ ಹೊತ್ತು.

ಇವತ್ತು ಕೇಬಲ್ ಎಂದರೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ವಸ್ತು. ಆಗ ವಿಲಾಯತಿಯ ರೆಡಿ ಕೇಬಲ್ ಹಡಗಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾವೇ ಮಾಡಬೇಕು. ಬಲಗೈಯ ಹಿಡಿಕೆ ತಿರುಗಿಸಿದಾಗ ಈ ತಂತಿ ಎಳೆಯುತ್ತದೆ, ಕೆಳಗೆ ಕಾರ್ಬುರೇಟರಿನ ಬಾಯಿ ತೆರೆಯುತ್ತದೆ, ಗಾಡಿಗೆ ರೇಸ್ ಏರುತ್ತದೆ. ತಂತಿಯ ಎರಡು ತುದಿಗೂ ಕಡಲೆಕಾಳಿನಷ್ಟು ಹಿತ್ತಾಳೆಯ ಗುಂಡು. ಗುಂಡಿನ ತೂತಿನಲ್ಲಿ ತಂತಿ ತೂರಿಸಿ, ತುದಿಯ ಎಳೆಗಳನ್ನು ಹೂವಿನ ಹಾಗೆ ಬಿಡಿಸಿ, ರಾಳ ಹಚ್ಚಿ, ಕರಗಿದ ಬೆಸುಗೆಯಲ್ಲಿ ಅದ್ದಬೇಕು. ಸವಾರ ಎಳೆದ ಎಳೆತವೆಲ್ಲ ಬೀಳುವುದು ಆ ಕಾಳಿನಷ್ಟು ಜಾಗದ ಮೇಲೆ.

ನನ್ನ ಮೊದಲ ಕೇಬಲ್ ಹಾಕಿ ಗಾಡಿ ಸ್ಟಾರ್ಟ್ ಮಾಡಿದೆ. ಇಂಜಿನ್ ಮೆಲ್ಲಗೆ ಓಡುತ್ತಿತ್ತು. ನಾನು ಬೀಗುತ್ತ ಮಿಸ್ತ್ರಿಯ ಮುಖ ನೋಡಿದೆ. ಅವರು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದರು. ಹಿಡಿಕೆಯನ್ನು ಯಾರೂ ಮುಟ್ಟಿರಲಿಲ್ಲ, ಇಂಜಿನ್ ತಾನಾಗಿ ಕಿರುಚತೊಡಗಿತು. ಹ್ಯಾಂಡಲ್ ನೆಟ್ಟಗಿಟ್ಟು ಅಳತೆ ತೆಗೆದಿದ್ದೆ; ತಿರುಗುವಾಗ ಬೇಕಾಗುವ ಸಡಿಲ ಬಿಟ್ಟಿರಲಿಲ್ಲ.

‘ಕೊಡು, ಇದನ್ನ ಗಿರಾಕಿಗೆ ಕೊಡು’ ಎಂದರು. ‘ತಿರುವಿನ್ಯಾಗ ಸೀದಾ ಟ್ರಾಮಿನ ಅಡಿ ಹೊಕ್ಕಾನು. ನೀ ಅದನ್ನ ಕಾರ್ಡಿನ್ಯಾಗ ಇಂಗ್ಲಿಷಿನ್ಯಾಗ ಛಂದ ಮಾಡಿ ಬರಿ.’

ಹೀಗೆ ಬೈಸಿಕೊಳ್ಳುತ್ತಲೇ ಒಂದು ವರ್ಷದಲ್ಲಿ ಸಣ್ಣಪುಟ್ಟ ಕೆಲಸವೆಲ್ಲ ಕೈಗೆ ಬಂತು. ಕಾರ್ಡಿನಲ್ಲಿ ಮಾತ್ರ ನನ್ನ ಹೆಸರು ಬರೆಯುವಂತಿರಲಿಲ್ಲ, ನಾನು ಪಾನಾ ಮುಟ್ಟಿದವನೇ ಅಲ್ಲವಲ್ಲ. ನಾನು ಮಾಡಿದ್ದೆಲ್ಲದರ ಕೆಳಗೆ ಫಕ್ಕೀರಪ್ಪ ಎಂದು ನಾನೇ ಬರೆಯುತ್ತಿದ್ದೆ. ಮಿಸ್ತ್ರಿಗೆ ಅದೊಂದು ವಿಷಯವೇ ಅಲ್ಲ. ‘ಹಾಕು, ನನ್ನ ಹೆಸರ ಹಾಕು. ಓದಾಕ ಬಂದ್ರ ಅಲ್ಲೇನು ನನಗ ಸಿಟ್ಟು ಬರೂದು’ ಎಂದು ನಗುತ್ತಿದ್ದರು.

ನಮ್ಮ ಗಿರಾಕಿಗಳಲ್ಲಿ ಒಬ್ಬರು ಡಾಕ್ಟರ್ ಶ್ರೀಕಂಠಯ್ಯ. ಮೈಸೂರಿನವರು, ದನದ ಡಾಕ್ಟರು. ಮನೆ ಆಂಟಾಪ್ ಹಿಲ್‌ನಲ್ಲಿ, ರೋಗಿಗಳೆಲ್ಲ ಕಾಂದಿವಲಿ ಕಡೆಯ ತಬೇಲಾಗಳಲ್ಲಿ, ಹಾಲಿನವರ ಎಮ್ಮೆ ಕೊಟ್ಟಿಗೆಗಳಲ್ಲಿ. ಅಷ್ಟು ದೂರ ದಿನಾ ಮೋಟಾರ್ ಸೈಕಲ್ಲಿನಲ್ಲೇ ಓಡಾಟ. ಅವರ ಗಾಡಿಗೆ ಹೊಸ ಎಕ್ಸಿಲೇಟರ್ ಕೇಬಲ್ ಬೇಕಾಯಿತು. ಆ ವಾರ ಇನ್ನೂ ಮೂರು ಗಾಡಿಗೆ ಅದೇ ಕೆಲಸ. ಮಿಸ್ತ್ರಿ ಒಂದು ದೊಡ್ಡ ಇಂಜಿನ್ ಬಿಚ್ಚಿಕೊಂಡು ಕೂತಿದ್ದರು. ‘ಈ ನಾಕೂ ನೀನ ಮಾಡು’ ಎಂದರು.

ರಾಳ ಹಚ್ಚಿ ಬೆಸೆಯುವುದು ನಿಧಾನದ ಕೆಲಸ. ಎಳೆ ಎಳೆ ಉಜ್ಜಿ ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ನನಗಿದ್ದದ್ದು ಊಟದ ಹೊತ್ತು ಮಾತ್ರ. ಆಗ ನನ್ನೊಳಗಿನ ಬಿ.ಎಸ್ಸಿ. ಎದ್ದು ಕೂತ. ಹೈಡ್ರೋಕ್ಲೋರಿಕ್ ಆ್ಯಸಿಡ್ಡಿನಲ್ಲಿ ಸತುವಿನ ಚೂರು ಕರಗಿಸಿ ಹಚ್ಚಿದರೆ ಲೋಹದ ಮೇಲಿನ ಕಿಲುಬು ಕ್ಷಣದಲ್ಲಿ ಹೋಗುತ್ತದೆ, ಉಜ್ಜುವುದೇ ಬೇಡ. ಅದರ ಸಮೀಕರಣವನ್ನು ಪರೀಕ್ಷೆಯಲ್ಲಿ ಬರೆದು ನಂಬರ್ ತೆಗೆದಿದ್ದವನು ನಾನು. ಡಬ್ಬಿ ಬೆಸೆಯುವವರ ಅಂಗಡಿಯಿಂದ ಒಂದು ಸೀಸೆ ತಂದೆ. ಬೆಸುಗೆ ನೀರಿನ ಹಾಗೆ ಓಡಿ ಕೂತಿತು, ಕನ್ನಡಿಯ ಹಾಗೆ ಹೊಳೆಯಿತು. ನಾಲ್ಕನ್ನೂ ಹಾಗೇ ಮಾಡಿದೆ. ಸೀಸೆಯ ಸುದ್ದಿ ಮಿಸ್ತ್ರಿಗೆ ಹೇಳಲಿಲ್ಲ.

ಅವರು ಒಂದು ಗುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಉಗುರಿನಿಂದ ಕೆರೆದರು. ‘ಶೀನ್ಯಾ, ಕೈ ಕುಂತೈತಿ’ ಎಂದರು.

ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ. ಊರಿಗೆ ಕಾಗದ ಬರೆಯುವಾಗ ಅದನ್ನೂ ಬರೆದೆ.

ಮೂರು ತಿಂಗಳಾದ ಮೇಲೆ, ಒಂದು ಶುಕ್ರವಾರ, ದಾರಾಶಾ ಸಾಹೇಬರ ಟೇಬಲ್ಲಿಗೆ ಫೋನ್ ಬಂತು. ಕಾಂದಿವಲಿಯ ತಬೇಲಾದ ಮಾಲೀಕ. ಕಷ್ಟದ ಹೆರಿಗೆಯ ಎಮ್ಮೆಗೆಂದು ಹೊರಟ ಡಾಕ್ಟರ ಗಾಡಿ ಅಂಧೇರಿ ದಾಟಿದ ಮೇಲೆ ನಿಂತಿತ್ತು. ಎಕ್ಸಿಲೇಟರ್ ಕೇಬಲ್ ತುಂಡು. ಡಾಕ್ಟರು ಸಿಕ್ಕಿದ ಲಾರಿ ಹತ್ತಿ ಹೋಗಿ ಮುಟ್ಟುವಾಗ ಕರು ಸತ್ತಿತ್ತು. ನಿಮ್ಮ ಏಜೆನ್ಸಿಯ ಕೆಲಸ ಇಂಥದ್ದೇ ಎಂದು ಅವನು ಕೂಗುವುದು ನನ್ನ ಕುರ್ಚಿಗೂ ಕೇಳಿಸುತ್ತಿತ್ತು.

ಸಾಹೇಬರು ಕಾರ್ಡ್ ತರಿಸಿದರು. ಹೆಸರು ಫಕ್ಕೀರಪ್ಪ. ಅಕ್ಷರ ನನ್ನದು.

‘ಬುಡ್ಢಾ ಹೋ ಗಯಾ’, ಮುದುಕನಾದ, ಎಂದರು. ಹಿಂದಿನ ವರ್ಷವೂ ಮಿಸ್ತ್ರಿಯ ಹೆಸರಿಗೆ ಬ್ರೇಕಿನ ದೂರೊಂದಿತ್ತು. ಕಣ್ಣು ಮಂದವಾದವನನ್ನು ಇಟ್ಟುಕೊಳ್ಳಲಾಗದು, ಭಾನುವಾರ ಇಬ್ಬರೂ ಡಾಕ್ಟರ ಮನೆಗೆ ಹೋಗಿ ಗಾಡಿ ಸರಿಮಾಡಿ ಬನ್ನಿ, ಸೋಮವಾರ ನಿನ್ನ ರಿಪೋರ್ಟ್ ನೋಡಿ ಅವನನ್ನು ಊರಿಗೆ ಕಳಿಸುತ್ತೇನೆ, ಎಂದು ನನಗೆ ಹೇಳಿದರು. ಮಿಸ್ತ್ರಿಗೆ ಊರಿನಲ್ಲಿ ಹೊಲವಿಲ್ಲ, ಮನೆಯಿಲ್ಲ, ಹತ್ತಿರದವರೂ ಇಲ್ಲ. ಇದ್ದದ್ದು ವರ್ಕ್‌ಶಾಪಿನ ಆ ಬೆಂಚು.

ಭಾನುವಾರ ಬೆಳಿಗ್ಗೆ ಇಬ್ಬರೂ ವಡಾಳಾ ಸ್ಟೇಷನ್ನಿನಲ್ಲಿ ಇಳಿದು ನಡೆದೆವು. ರಜಾದಿನ, ಕೋಟು ಹಾಕಿರಲಿಲ್ಲ. ಹಾಲಿನ ಲಾರಿಯವರು ಗಾಡಿಯನ್ನು ತಂದು ಡಾಕ್ಟರ ಬಿಲ್ಡಿಂಗಿನ ಅಂಗಳದಲ್ಲಿ ಇಳಿಸಿದ್ದರು. ಕೆಳಗಿನ ಅಂತಸ್ತಿನ ಮನೆ, ಮುಂದೊಂದು ಸಣ್ಣ ವರಾಂಡ. ಡಾಕ್ಟರ ಹೆಂಡತಿ ಜಯಮ್ಮನವರು ಮೊದಲು ಕಾಫಿ ತಂದಿಟ್ಟರು.

‘ಬೇಗ ಸರಿ ಮಾಡ್ಕೊಡಿಪ್ಪಾ’ ಎಂದರು. ‘ಎರಡು ದಿನದಿಂದ ಇವ್ರು ಮನೇಲೇ ಇದ್ದಾರೆ. ಎಮ್ಮೆಗೆ ಹೇಳೋ ಬುದ್ಧೀನೆಲ್ಲ ನಂಗೇ ಹೇಳ್ತಿದ್ದಾರೆ.’

‘ಎಮ್ಮೆ ಕೇಳುತ್ತೆ ಕಣೇ’ ಎಂದರು ಡಾಕ್ಟರು ಒಳಗಿನಿಂದ.

ನಾನು ಕರುವಿನ ವಿಷಯ ಎತ್ತಿ ಕ್ಷಮೆ ಕೇಳಲು ಹೋದೆ. ಅವರು ತಡೆದರು. ‘ಅಡ್ಡ ಬಂದಿತ್ತಪ್ಪ. ನಾನು ಹೊತ್ತಿಗೆ ಸರಿಯಾಗಿ ಹೋಗಿದ್ರೂ ಉಳೀತಿತ್ತು ಅಂತ ಹೇಳೋಕಾಗಲ್ಲ. ಎಮ್ಮೆ ಉಳೀತಲ್ಲ. ಆದ್ರೆ ಆ ರಸ್ತೇಲಿ ನಿಂತ್ಕೊಂಡು ಕೈ ಹಿಸುಕ್ಕೊಂಡಿದ್ದು ನೋಡಿ, ಅದು ಬಹಳ ಬೇಜಾರು.’

ಕೆಲಸಕ್ಕೆ ಕೂತೆ. ಜಯಮ್ಮ ಹಾಸಲು ಒಂದು ಹಳೆಯ ಚಾದರ ಕೊಟ್ಟರು. ಕಾರ್ಬುರೇಟರಿನ ತಲೆಯ ಮುಚ್ಚಳ ತಿರುಗಿಸಿ ಎತ್ತಿದೆ. ಒಳಗಿನ ಕೊಳವೆ, ಸ್ಪ್ರಿಂಗ್, ಸೂಜಿ ಎಲ್ಲ ಒಟ್ಟಿಗೆ ಮೇಲೆ ಬಂತು. ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ಹಿಡಿದು ತಂತಿಯ ತುದಿ ಬಿಡಿಸಿದೆ. ಮುರಿದದ್ದು ಮೇಲಿನ ತುದಿ, ಹಿಡಿಕೆಯೊಳಗೆ. ಗುಂಡು ಅಲ್ಲೇ ಉಳಿದಿತ್ತು. ಕಿತ್ತು ಮಿಸ್ತ್ರಿಯ ಅಂಗೈಗೆ ಹಾಕಿದೆ.

ಹೊರಗೆ ಇನ್ನೂ ಹೊಳೆಯುತ್ತಿತ್ತು. ಒಳಗಿನ ಎಳೆಗಳು ತುಕ್ಕು ಹಿಡಿದು ಕಂದು ಬಣ್ಣವಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ತೊಳೆಯದೆ ಬಿಟ್ಟ ಆ್ಯಸಿಡ್ ಎಳೆಗಳ ಸಂದಿನಲ್ಲಿ ಏರಿ ಕೂತು ಮೂರು ತಿಂಗಳು ತಿಂದಿತ್ತು. ಅದರ ಸಮೀಕರಣವೂ ನನಗೆ ಬರುತ್ತಿತ್ತು.

ಮಿಸ್ತ್ರಿ ಅದನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನನ್ನು ನೋಡಿದರು.

‘ಆ್ಯಸಿಡ್ ಹಚ್ಚೀಯೇನು?’

‘ಹೌದು.’

‘ನಾಕಕ್ಕೂ?’

‘ನಾಲ್ಕಕ್ಕೂ.’

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಗುಂಡನ್ನು ಜೇಬಿಗೆ ಹಾಕಿಕೊಂಡು ವರಾಂಡದ ಕಟ್ಟೆಯ ಮೇಲೆ ಕೂತರು. ‘ಹೊಸಾದು ಮಾಡು. ಇಲ್ಲೇ ಮಾಡು. ನಾ ಮುಟ್ಟಂಗಿಲ್ಲ’ ಎಂದರು.

ಜಯಮ್ಮನವರ ಸೀಮೆಎಣ್ಣೆ ಸ್ಟೋವು ಕೇಳಿ ತಂದೆ. ಹಳೆಯ ತಂತಿಯ ಪಕ್ಕ ಹೊಸದನ್ನು ಚಾದರದ ಮೇಲೆ ಚಾಚಿ ಅಳತೆ ಹಿಡಿದೆ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಸಡಿಲ ನೋಡಿದೆ. ಎಳೆಗಳನ್ನು ಒಂದೊಂದಾಗಿ ಮರಳು ಕಾಗದದಿಂದ ಉಜ್ಜಿದೆ. ರಾಳದ ಹೊಗೆ ಎದ್ದಿತು, ಒಳಗಿನಿಂದ ಜಯಮ್ಮ ‘ಏನಪ್ಪಾ, ನಮ್ಮನೇಲಿ ಪೂಜೆ ಶುರು ಮಾಡಿದ್ರಾ?’ ಎಂದರು. ಡಾಕ್ಟರು ಕುರ್ಚಿ ಎಳೆದುಕೊಂಡು ಬಂದು ಕೂತು ಎಮ್ಮೆಗಳ ಕತೆ ಹೇಳಿದರು. ಮಿಸ್ತ್ರಿ ಅದಕ್ಕೆ ಗದಗಿನ ಎತ್ತುಗಳ ಕತೆ ಕೂಡಿಸಿದರು. ನಾನು ನಡುನಡುವೆ ‘ಹೌದಾ ಮಾರಾಯ್ರೆ’ ಎಂದೆ. ಮೂರು ಊರಿನ ಕನ್ನಡ ಆ ಸಣ್ಣ ವರಾಂಡದಲ್ಲಿ. ಮಧ್ಯಾಹ್ನದವರೆಗೂ ನನಗೆ ಯಾವ ಅವಸರವೂ ಇರಲಿಲ್ಲ. ತಪ್ಪು ಮಾಡಿದವನಿಗೆ ಅಷ್ಟು ನೆಮ್ಮದಿ ಇರಬಾರದಿತ್ತು, ಆದರೆ ಇತ್ತು. ಬೆಸುಗೆ ಆರಿದ ಮೇಲೆ ಗುಂಡನ್ನು ಅರದಿಂದ ಉಜ್ಜಿ, ತಂತಿಯನ್ನು ಕಾಲಲ್ಲಿ ಮೆಟ್ಟಿ ಎಳೆದು ನೋಡಿದೆ. ಅಲುಗಲಿಲ್ಲ. ಮಿಸ್ತ್ರಿಯನ್ನು ನೋಡಿದೆ. ಅವರು ಗದ್ದ ಒಂದಿಷ್ಟು ಅಲ್ಲಾಡಿಸಿದರು.

ಗಾಡಿ ಎರಡನೇ ಒದೆತಕ್ಕೆ ಸ್ಟಾರ್ಟ್ ಆಯಿತು. ಡಾಕ್ಟರು ಒಂದು ಸುತ್ತು ಹಾಕಿ ಬಂದು, ‘ಮೊದಲು ಏನಾಗಿತ್ತು ಇದಕ್ಕೆ?’ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲು ಮಿಸ್ತ್ರಿ ಹೇಳಿದರು: ‘ತಂತಿ ಹಳೇದಿತ್ತರಿ. ಬಂಡಲ್ಲ ಖೋಟಿ ಬಂದೈತಿ.’

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅದನ್ನೇ ರಿಪೋರ್ಟಿನಲ್ಲಿ ಬರಿ ಎಂದರು. ತಂತಿಯ ಬಂಡಲ್ ಕೆಟ್ಟದ್ದು ಎಂದರೆ ಅವರ ಹೆಸರೂ ಉಳಿಯುತ್ತದೆ, ನನ್ನದೂ.

‘ಉಳಿದ ಮೂರು ಗಾಡಿ?’ ಎಂದೆ.

‘ನಾ ಹುಡುಕಿ ಬದಲಿ ಮಾಡ್ತೀನಿ. ಒಂದೊಂದ ರವಿವಾರ ಒಂದೊಂದು.’

‘ವಿಳಾಸ ಇರುದು ಸಾಹೇಬರ ಕಪಾಟಿನ ರಿಜಿಸ್ಟರಲ್ಲಿ. ಅವರಿಗೆ ಎಂತ ಹೇಳಿ ತೆಗೆಯುದು? ಅಲ್ಲಿತನಕ ಯಾವುದಾದ್ರೂ ಒಂದು ತುಂಡಾದ್ರೆ?’

‘ನೀ ಭಾಳ ಓದೀಯಪ್ಪಾ’ ಎಂದು ಮುಂದೆ ನಡೆದರು.

ಭಾನುವಾರ ಸಂಜೆಯೆಲ್ಲ ಕಾಗದದ ಮುಂದೆ ಕೂತೆ. ತಂತಿ ಕೆಟ್ಟದ್ದು ಎಂದು ಬರೆಯಲು ಅರ್ಧ ಸಾಲು ಸಾಕಿತ್ತು, ಬರೆದೂ ನೋಡಿದೆ. ಆ ಮೂರು ಗಾಡಿಗಳ ನಂಬರ್ ನನಗೆ ಬಾಯಿಪಾಠವಾಗಿತ್ತು. ಹರಿದು ಹಾಕಿ ಇನ್ನೊಂದು ಹಾಳೆ ತೆಗೆದುಕೊಂಡೆ. ನಾಲ್ಕು ಕೇಬಲ್ ಬೆಸೆದವನು ನಾನು, ಆ್ಯಸಿಡ್ ಹಚ್ಚಿದ್ದು ನಾನು, ಫಕ್ಕೀರಪ್ಪನಿಗೆ ತಿಳಿದಿರಲಿಲ್ಲ, ಉಳಿದ ಮೂರು ಗಾಡಿಗಳನ್ನು ಕೂಡಲೇ ಕರೆಸಬೇಕು, ಎಂದು ನಾಲ್ಕು ವಾಕ್ಯ. ಹೋಟೆಲಿನ ಮ್ಯಾನೇಜರಿಗೆ ಕೆಲಸ ಖಾಲಿಯಿದೆಯೇ ಎಂದು ಕೇಳಿಯೂ ಇಟ್ಟೆ.

ದಾರಾಶಾ ಸಾಹೇಬರು ಓದಿದರು. ಎರಡು ಸಲ ಓದಿದರು. ಅಂದೇ ಮೂರು ಗಾಡಿಗಳಿಗೂ ಜನ ಕಳಿಸಿದರು. ಒಂದರ ಕೇಬಲ್ ಆಗಲೇ ಅರ್ಧ ಸವೆದಿತ್ತು. ಮಿಸ್ತ್ರಿಯ ಮಾತೇ ಎತ್ತಲಿಲ್ಲ. ನನ್ನನ್ನು ತೆಗೆಯಲೂ ಇಲ್ಲ. ‘ಹಾಥ್ ಸೆ ನಹೀಂ, ಕಲಮ್ ಸೆ ಕಾಮ್ ಕರೋ’ ಎಂದರು, ಕೈಯಿಂದಲ್ಲ, ಪೆನ್ನಿನಿಂದ ಕೆಲಸ ಮಾಡು ಎಂದು. ನಿಜ ಬರೆಯುವ ಗುಮಾಸ್ತ ಫೋರ್ಟಿನ ಹೆಡ್ ಆಫೀಸಿಗೆ ಬೇಕಾಗಿತ್ತಂತೆ. ಮರುದಿನದಿಂದಲೇ ಅಲ್ಲಿಗೆ. ವರ್ಕ್‌ಶಾಪಿನ ಉಪಕರಣ ಮುಟ್ಟಿದ್ದು ಇನ್ನೊಮ್ಮೆ ಕೇಳಿಬಂದರೆ ಆಗ ನೋಡೋಣ.

ಎಲ್ಲರೂ ಅಭಿನಂದಿಸಿದರು. ಊರಿನಲ್ಲಿ ಅಮ್ಮ ಕಡವು ದಾಟಿ ಬಂದವರಿಗೆಲ್ಲ ಹೇಳಿದಳಂತೆ, ಮಗನಿಗೆ ದೊಡ್ಡ ಆಫೀಸು, ತಲೆಮೇಲೆ ಫ್ಯಾನು. ಮಿಸ್ತ್ರಿ ಒಬ್ಬರೇ ನನ್ನ ಮುಖ ನೋಡಲಿಲ್ಲ. ಕೋಟು ತೊಟ್ಟು ಹೊರಡುವಾಗ ಬೆಂಚಿನ ಹತ್ತಿರ ಹೋಗಿ ನಿಂತೆ.

‘ಸಿಟ್ಟಾ ಮಿಸ್ತ್ರಿ?’

‘ನನ್ನ ಹೆಸರು ಇನ್ನೊಂದು ಕಪ್ಪು ಚುಕ್ಕಿ ತಡಕೋತಿತ್ತು’ ಎಂದರು, ತಲೆಯೆತ್ತದೆ. ‘ಊರಿಗೆ ಕಳಸಿದ್ರ ಇನ್ನೊಂದು ವರ್ಕ್‌ಶಾಪ್ ಹುಡುಕ್ತಿದ್ದೆ. ನಿನ್ನ ಕೈಗೆ ಇನ್ನೂ ಎರಡು ವರ್ಷ ಬೇಕಿತ್ತಲ್ಲೋ.’

ಮತ್ತೆ ಆ ಹಾಳೆ ಮುಂದಿಟ್ಟರೆ ಆ ನಾಲ್ಕು ವಾಕ್ಯವನ್ನೇ ಬರೆಯುತ್ತೇನೆ. ಬರೆದು, ಮತ್ತೆ ಈ ಮೂವತ್ತು ವರ್ಷ ಕುರ್ಚಿಯ ಮೇಲೆ ಕೂತು ಆ ವರಾಂಡವನ್ನೇ ನೆನೆಯುತ್ತೇನೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ನೀವು ಮಾಡಿದ ಕೆಲಸದ ಕೆಳಗೆ ಮೊದಲ ದಿನದಿಂದಲೇ ನಿಮ್ಮ ಹೆಸರು ಬರೆಯಿರಿ. ಬರೆಯಲು ಬಿಡದ ಕಡೆ ಜಗಳ ಮಾಡಿ. ನಾನು ಮಾಡಲಿಲ್ಲ.

ಒಂದು ವರ್ಷದ ಮೇಲೆ ಆಫೀಸಿನ ಕಾಗದ ಹಿಡಿದುಕೊಂಡು ವರ್ಕ್‌ಶಾಪಿಗೆ ಹೋಗುವ ಪ್ರಸಂಗ ಬಂತು. ಬೇಕೆಂದೇ ಊಟದ ಹೊತ್ತಿಗೆ ಹೋದೆ. ಮಿಸ್ತ್ರಿ ಕೇಬಲ್ ಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಹೆಗಲ ಮೇಲಿನ ಬಟ್ಟೆಯಿಂದ ಸ್ಟೂಲು ಒರೆಸಿದರು. ‘ಬರ್ರಿ ಸಾಹೇಬ್ರ, ಕುಂಡರ್ರಿ.’ ದನಿಯಲ್ಲಿ ಕುಚೋದ್ಯವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ತಂತಿಯ ತುದಿಯ ಎಳೆಗಳನ್ನು ಆಗಲೇ ಬಿಡಿಸಿಟ್ಟಿದ್ದರು, ಪಕ್ಕದಲ್ಲಿ ಬೆಸುಗೆ ಕರಗುತ್ತಿತ್ತು. ನನಗರಿವಿಲ್ಲದೆ ಕೈ ಮುಂದೆ ಹೋಯಿತು.

‘ಬ್ಯಾಡ್ರಿ’ ಎಂದರು, ಮೆಲ್ಲಗೆ ತಂತಿಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತ. ‘ಕೋಟಿಗೆ ಹತ್ತತೈತಿ.’

ನಾನು ಕೈ ಹಿಂದೆ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತೆ. ಅವರು ಅದ್ದಿದರು. ಆರುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು.